ಬಾಡಿಗೆ ಕೊಟ್ಟ ಪ್ಲಸ್ಸು

ದೊಡ್ಡಪ್ಪನಿಂದ ನನಗೆ ಬಂದ ಆಸ್ತಿ ಎರಡೇ. ಒಂದು ಬಿಪಿ, ಇನ್ನೊಂದು 1955ರ ಮಾರಿಸ್ ಮೈನರ್. ಬಿಪಿಗೆ ಮಾತ್ರೆ ಇದೆ.

ಕಾರು ಮನೆಗೆ ಬಂದ ದಿನ ಬಾನೆಟ್ ಎತ್ತಿ ಹೆಂಡತಿಗೆ ತೋರಿಸಿದೆ. "ನೋಡು, ಈ ಕಾರಲ್ಲಿ ಪ್ಲಸ್ಸನ್ನ ಬಾಡಿಗೆ ಕೊಟ್ಟಿದ್ದಾರೆ."

"ತಿಂಗಳಿಗೆ ಎಷ್ಟು ಬರತ್ತೆ ರೀ?"

ಬರುವುದಿಲ್ಲ, ಹೋಗುತ್ತದೆ. ಕಾರಿನ ಕಬ್ಬಿಣದ ಮೈಯೇ ಒಂದು ದೊಡ್ಡ ತಂತಿ ಇದ್ದ ಹಾಗೆ. ದೀಪಕ್ಕೂ ಹಾರ್ನಿಗೂ ಬ್ಯಾಟರಿಯಿಂದ ಒಂದೊಂದು ವೈರ್ ಎಳೆದರೆ ಸಾಕು, ವಾಪಸ್ ದಾರಿಗೆ ಬಾಡಿ ಇದೆ. ಈಗಿನ ಕಾರುಗಳಲ್ಲಿ ಬಾಡಿಗೆ ಮೈನಸ್ ಕೂರಿಸುತ್ತಾರೆ. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಜಾಸ್ತಿ ಪಾಲು ಉಲ್ಟಾ. ವೈರಿಗೆ ಕಿಲುಬು ಹಿಡಿಯುವುದು ಕಡಿಮೆಯಾಗುತ್ತದೆ ಅನ್ನುವ ನಂಬಿಕೆ ಅವರದು. ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಬದಲು ಆಲ್ಟರ್ನೇಟರು, ಜೊತೆಗೆ ಟ್ರಾನ್ಸಿಸ್ಟರ್ ರೇಡಿಯೋ ಎಲ್ಲ ಬಂದ ಮೇಲೆ 1960ರ ದಶಕದ ಕೊನೆಯ ಹೊತ್ತಿಗೆ ಅವರೂ ಒಬ್ಬೊಬ್ಬರಾಗಿ ದಾರಿಗೆ ಬಂದರು. ಆ ಸುದ್ದಿ ನನ್ನ ಕಾರಿಗೆ ಮುಟ್ಟಲಿಲ್ಲ.

ಕಿತಾಪತಿ ಏನು ಗೊತ್ತಾ? ಬ್ಯಾಟರಿ ತಿರುಗಿಸಿ ಕೊಟ್ಟರೂ ಬಲ್ಬು ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಸ್ಟಾರ್ಟರ್ ಮೋಟರ್ ಕೂಡ ಸರಿಯಾದ ದಿಕ್ಕಿಗೇ ತಿರುಗುತ್ತದೆ. ಡೈನಮೋಗೆ ಮಾತ್ರ ಸಿಟ್ಟು ಬರುತ್ತದೆ. ತಪ್ಪು ಮಾಡಿದ್ದು ನಮಗೆ ತಿಳಿಯುವ ಹೊತ್ತಿಗೆ ಹೊಗೆ ಬಂದಿರುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಗೃಹಪ್ರವೇಶಕ್ಕೆ ಹೊರಟಿದ್ದೆವು. ಬ್ಯಾಟರಿ ಮಲಗಿತ್ತು. ಎದುರುಮನೆ ರಾಯರೂ ಅಲ್ಲಿಗೇ ಹೊರಟವರು. ಜರಿ ಪಂಚೆ ಎತ್ತಿ ಕಟ್ಟಿ, ತಮ್ಮ ಹೊಸ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಪ್ಲಾಸ್ಟಿಕ್ ಕವರ್ ಕೂಡ ಹರಿಯದ ಜಂಪರ್ ಕೇಬಲ್ ತೆಗೆದರು.

"ಕೆಂಪು ಪ್ಲಸ್ಸಿಗೆ, ಕರಿದು ಕೊನೇಲಿ ಬಾಡಿಗೆ. ವಿಡಿಯೋ ನೋಡಿದೀನಿ ಸಾರ್."

ನಾನು ಬಾಯಿ ಬಿಡಬೇಕಿತ್ತು. ಆದರೆ ಪುಕ್ಕಟೆ ಕರೆಂಟು ಕೊಡಲು ಬಂದವರಿಗೆ ಪಾಠ ಹೇಳುವುದು ಹೇಗೆ? ಪ್ಲಸ್ಸಿಗೆ ಪ್ಲಸ್ಸೇ ತಾನೇ ಅಂತ ಸುಮ್ನೆ ಬಾನೆಟ್ ಹಿಡಿದುಕೊಂಡು ನಿಂತೆ.

ನನ್ನ ಕಾರಲ್ಲಿ ಪ್ಲಸ್ಸೂ ಬಾಡಿಯೂ ಒಂದೇ. ಅಂದರೆ ಅವರ ಕೆಂಪು ಕ್ಲಿಪ್ಪೂ ಕರಿ ಕ್ಲಿಪ್ಪೂ ಒಂದೇ ಎಮ್ಮೆಯ ಎರಡು ಕೊಂಬು ಹಿಡಿದ ಹಾಗಾಯಿತು. ಮಧ್ಯದಲ್ಲಿ ನನ್ನ ಬ್ಯಾಟರಿ ಇಲ್ಲವೇ ಇಲ್ಲ. ರಾಯರ ಬ್ಯಾಟರಿ ನನ್ನ ಕಬ್ಬಿಣದ ಮೂಲಕ ತನ್ನ ಬಾಲವನ್ನು ತಾನೇ ಕಚ್ಚಿತು. ಚಟಾರ್! ದೀಪಾವಳಿಯ ಹೂಕುಂಡದಷ್ಟು ಕಿಡಿ. ರಾಯರು ಕೇಬಲ್ ಬಿಸಾಕಿ ಕಾಂಪೌಂಡ್ ತನಕ ಹಾರಿದರು. ನೋಡಿದರೆ ಕರಿ ಕ್ಲಿಪ್ಪಿನ ಹಲ್ಲುಗಳಲ್ಲಿ ಎರಡು ಕರಗಿ ಗುಂಡಗಾಗಿದ್ದವು. ಪಂಚೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ತೂತು.

"ನಿಮ್ಮ ಗಾಡಿಗೆ ಏನೋ ಆಯ್ತು ಸಾರ್," ಅಂದರು.

ಆಗಿದ್ದು ಅವರ ಗಾಡಿಗೆ. ಮೇನ್ ಫ್ಯೂಸ್ ಹೋಗಿ ಡ್ಯಾಶ್‌ಬೋರ್ಡು ಪೂರ್ತಿ ಕತ್ತಲೆ. ನಾಲ್ಕೂ ಜನ ಒಂದೇ ಆಟೋದಲ್ಲಿ ಗೃಹಪ್ರವೇಶಕ್ಕೆ ಹೋದೆವು. ದಾರಿಯುದ್ದಕ್ಕೂ ಮಾತಾಡಿದ್ದು ಆಟೋ ಒಂದೇ.

ಮಾರನೇ ದಿನ ಗ್ಯಾರೇಜಿನ ಅಜ್ಜ ಬಂದು ಬಾನೆಟ್ ಒಳಗೆ ಇಣುಕಿ ಒಂದೇ ಮಾತು ಕೇಳಿದ. "ಯಾರು ಸ್ವಾಮಿ, ಓದಿದವರು ಮುಟ್ಟಿದ್ರಾ?"

ಅಷ್ಟಕ್ಕೇ ಮುಗಿಯಲಿಲ್ಲ. ಆಯುಧಪೂಜೆಗೆ ಅಂತ ಕಾರಿಗೆ ಹೊಸ ಪೇಂಟ್ ಹೊಡೆಸಿದೆ. ಆಮೇಲೆ ಬ್ರೇಕ್ ಒತ್ತಿದರೆ ಹಿಂದಿನ ದೀಪ ಉರಿಯುವ ಬದಲು ಮಂಕಾಗತೊಡಗಿತು. ಪೇಂಟರ್ ಬಲು ಶ್ರದ್ಧೆಯವನು. ದೀಪದ ತಗಡು ಬಾಡಿಗೆ ತಾಗುವ ಜಾಗಕ್ಕೂ ಮೂರು ಕೋಟ್ ಬಳಿದಿದ್ದ. ಕರೆಂಟಿಗೆ ಮನೆಗೆ ಹೋಗುವ ದಾರಿಯೇ ಇಲ್ಲ. ಅಜ್ಜ ಎಂಟಾಣೆ ಅಗಲ ಪೇಂಟನ್ನು ಉಪ್ಪುಕಾಗದದಲ್ಲಿ ಕೆರೆದ, ಸರಿಹೋಯಿತು. ಸಾವಿರಗಟ್ಟಲೆ ಕೊಟ್ಟು ಬಳಿಸಿದ್ದನ್ನು ಕೆರೆಸಲು ಇನ್ನೂರು ಕೊಟ್ಟೆ.

ಹೋದ ವಾರ ಬ್ಯಾಟರಿ ಮತ್ತೆ ಮಲಗಿತು. ಡಿಕ್ಕಿಯಿಂದ, ಕೈಯಲ್ಲೇ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ತೆಗೆದು ಮುಂದೆ ತೂರಿಸಿ ತಿರುಗಿಸುತ್ತಿದ್ದೆ. ರಾಯರು ಕಂಡರು, ಗೇಟಿನ ಆಚೆಯೇ ನಿಂತರು.

"ಅದರಲ್ಲಿ ಪ್ಲಸ್ಸು ಯಾವ ಕಡೆ ಸಾರ್?"