ಸ್ಪಷ್ಟನೆ: ಸಿಡಿಒಎಸ್ ಅಂದ್ರೆ ಡಿಪ್ಲೊಮಾ ಅಲ್ಲ

ನ್ಯೂಯಾರ್ಕ್‌ನಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರ ಮೊಬೈಲುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. "ಐಇಪಿ ಇರುವ ಮಕ್ಕಳಿಗೆ ಕೊಡುವ ಸಿಡಿಒಎಸ್ ಕೂಡ ಹೈಸ್ಕೂಲ್ ಡಿಪ್ಲೊಮಾನೇ, ಅದು ಕೈಗೆ ಬಂದರೆ ಸ್ಕೂಲು ಮುಗಿಯಿತು" ಅಂತ. (ಐಇಪಿ ಅಂದ್ರೆ ವಿಶೇಷ ಶಿಕ್ಷಣ ಬೇಕಾದ ಮಗುವಿಗೆ ಸ್ಕೂಲು ಬರೆದಿಡುವ ಕಲಿಕೆಯ ಯೋಜನೆ.) ಎರಡೂ ಮಾತು ತಪ್ಪು.

ಸಿಡಿಒಎಸ್ ಅನ್ನೋದು ಕೆಲಸಕ್ಕೆ ಬೇಕಾದ ತಯಾರಿ ಆಗಿದೆ ಎಂದು ಹೇಳುವ ಸರ್ಟಿಫಿಕೇಟ್. ಅದನ್ನು ಡಿಪ್ಲೊಮಾ ಜೊತೆಗೂ ಪಡೆಯಬಹುದು, ಅದೊಂದನ್ನೇ ಪಡೆಯಬಹುದು. ಆದರೆ ರಾಜ್ಯ ಶಿಕ್ಷಣ ಇಲಾಖೆ ಅದನ್ನು ಡಿಪ್ಲೊಮಾಗೆ ಸಮ ಎಂದು ಒಪ್ಪುವುದಿಲ್ಲ. ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ ಕೊಡುವ ಎಸ್‌ಎಸಿಸಿ ಎಂಬ ಸರ್ಟಿಫಿಕೇಟೂ ಅಷ್ಟೇ.

ಇನ್ನು ಸ್ಕೂಲು ಮುಗಿಯುವ ಮಾತು. ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣಕ್ಕಾಗಿ ಇರುವ ಐಡಿಇಎ ಎಂಬ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ, ರೆಗ್ಯುಲರ್ ಡಿಪ್ಲೊಮಾ ಸಿಕ್ಕಾಗ ಅಥವಾ ವಯಸ್ಸಿನ ಮಿತಿ ದಾಟಿದಾಗ ಉಚಿತ ವಿಶೇಷ ಶಿಕ್ಷಣದ ಹಕ್ಕು ಅಲ್ಲಿಗೆ ನಿಲ್ಲುತ್ತದೆ. ಬರೀ ಸರ್ಟಿಫಿಕೇಟ್ ಪಡೆದ ಮಗು ನ್ಯೂಯಾರ್ಕ್‌ನಲ್ಲಿ ಕನಿಷ್ಠ 21 ತುಂಬುವ ಶಾಲಾ ವರ್ಷದ ಕೊನೆಯವರೆಗೂ ಓದಬಹುದು. ಈ ಮೆಸೇಜ್ ನಂಬಿ 18ಕ್ಕೇ ಬಿಡಿಸಿದರೆ ಎಷ್ಟು ವರ್ಷ ಹೋಯಿತು ನೋಡಿ!

ಮಗು ಗೌನು ಹಾಕಿಕೊಂಡು ವೇದಿಕೆ ಹತ್ತಿತು ಅಂದ ಮಾತ್ರಕ್ಕೆ ಡಿಪ್ಲೊಮಾ ಬಂತು ಅಂತಲ್ಲ, ಫೋಲ್ಡರ್ ತೆರೆದು ಒಳಗಿನ ಹಾಳೆಯಲ್ಲಿ ಏನು ಬರೆದಿದೆ ಓದಿ. ಐಇಪಿ ಮೀಟಿಂಗ್‌ನಲ್ಲಿ "ಇದು ರೆಗ್ಯುಲರ್ ಡಿಪ್ಲೊಮಾನಾ?" ಅಂತ ನೇರವಾಗಿ ಕೇಳಿ. ಆ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಈಗಾಗಲೇ ಕಳಿಸಿದ್ದರೆ ಅದರ ಕೆಳಗೇ ಇದನ್ನು ಹಾಕಿ.