ಅಲ್ಲಿ ಮರಳಿನ ಮೇಲೆ ಗಾಡಿ ಓಡಿಸಿದವಳೇ ಇಲ್ಲಿ ಬೇಡ ಎನ್ನುತ್ತಿದ್ದೇನೆ

ಕಳೆದ ಭಾನುವಾರ ಸಂಜೆ ಉಡುಪಿ ಬಳಿಯ ನಮ್ಮ ಪಡುಕೆರೆಯ ಕಡಲ ತೀರದಲ್ಲಿ ಒಂದು ದೊಡ್ಡ ಕಾರು ಮರಳಿನಲ್ಲಿ ಹೂತುಹೋಯಿತು. ಹಿಂದಿನ ಎರಡು ಚಕ್ರಗಳು ಅರ್ಧಕ್ಕಿಂತ ಹೆಚ್ಚು ಇಳಿದಿದ್ದವು. ಓಡಿಸುತ್ತಿದ್ದ ಹುಡುಗ ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತುತ್ತಲೇ ಇದ್ದ, ಒತ್ತಿದಷ್ಟೂ ಗುಂಡಿ ಆಳವಾಗುತ್ತಿತ್ತು. ನೀರು ಏರುವ ಹೊತ್ತು ಅದು. ಕೈರಂಪಣಿ, ಅಂದರೆ ದಡದಿಂದಲೇ ಕೈಯಲ್ಲಿ ಎಳೆಯುವ ದೊಡ್ಡ ಬಲೆ, ಎಳೆದು ಮುಗಿಸಿ ಮನೆಗೆ ಹೊರಟಿದ್ದ ಹತ್ತು ಹನ್ನೆರಡು ಮಂದಿ ತಿರುಗಿ ಬಂದು, ಬಲೆಯ ಹಗ್ಗವನ್ನೇ ಬಿಗಿದು ಆ ಕಾರನ್ನು ದಡಕ್ಕೆ ಎಳೆದರು. ಅಷ್ಟರಲ್ಲಿ ಎರಡು ಅಲೆಗಳು ಬಾಗಿಲಿಗೆ ಹೊಡೆದು ಹೋಗಿದ್ದವು. ಎಳೆದವರಲ್ಲಿ ನನ್ನ ಸೋದರಮಾವನೂ ಒಬ್ಬರು. ಕಾರಿನಿಂದ ಇಳಿದವರಲ್ಲಿ ನನ್ನ ಅಕ್ಕನ ಮಗನೂ ಒಬ್ಬ.

ನಾನು ಅವನಿಗೆ ಚೆನ್ನಾಗಿ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಕೊನೆಗೆ ಒಂದು ಮಾತು ಕೇಳಿದ: "ಚಿಕ್ಕಮ್ಮ, ನೀವು ಆಸ್ಟ್ರೇಲಿಯಾದಲ್ಲಿ ಬೀಚಿನ ಮೇಲೆ ಜೀಪು ಓಡಿಸಿದ ಫೋಟೊ ಹಾಕಿದ್ದೀರಿ. ನಾವು ಓಡಿಸಿದರೆ ಮಾತ್ರ ತಪ್ಪೇ?"

ಆ ಕ್ಷಣಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆ ಫೋಟೊ ನಿಜ, ಅದಕ್ಕೆ ಬಂದ ಮುನ್ನೂರು ಲೈಕುಗಳೂ ನಿಜ. ನಾಲ್ಕು ದಿನ ಯೋಚಿಸಿದ ಮೇಲೆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ಪ್ರಶ್ನೆ ಅವನೊಬ್ಬನದಲ್ಲ. ಮಲ್ಪೆ, ಕಾಪು, ಸಸಿಹಿತ್ಲು, ತಣ್ಣೀರುಬಾವಿ, ಎಲ್ಲಿ ಹೋದರೂ ಮರಳಿನ ಮೇಲೆ ಚಕ್ರದ ಗುರುತುಗಳು ಕಾಣುತ್ತಿವೆ.

ಎರಡು ವರ್ಷದ ಹಿಂದಿನ ಜುಲೈ. ಇಲ್ಲಿ ಮೀನುಗಾರಿಕೆ ನಿಷೇಧದ 61 ದಿನಗಳು, ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲಿ ಒಂದಕ್ಕೊಂದು ಆನಿಕೊಂಡು ನಿಂತಿದ್ದವು. ನಾನು ಮಣಿಪಾಲದ ಕೆಲಸ ಬಿಟ್ಟು, ಐದು ವರ್ಷ ಕೂಡಿಟ್ಟ ಹಣ ಹಿಡಿದು, ಬೆನ್ನಿಗೊಂದು ಚೀಲ ಏರಿಸಿಕೊಂಡು ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಊರಿಂದೂರಿಗೆ ಬಸ್ಸಿನಲ್ಲಿ ತಿರುಗುತ್ತಿದ್ದೆ. ರೈನ್‌ಬೋ ಬೀಚ್ ಎಂಬ ಪುಟ್ಟ ಊರಿನ ಹಾಸ್ಟೆಲಿನಲ್ಲಿ ಒಂದು ತಂಡ ಸೇರಿಕೊಂಡೆ. ಮೂರು ದಿನ, ಎರಡು ರಾತ್ರಿ, ಡೇರೆಯಲ್ಲಿ ವಾಸ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಶಕ್ತಿ ಹೋಗುವ ಜೀಪುಗಳಲ್ಲಿ ಪ್ರಯಾಣ. ಒಂದು ಜೀಪಿಗೆ ಎಂಟು ಮಂದಿ. ಮುಂದಿನ ಗಾಡಿಯನ್ನು ಮುಂದಾಳು ಓಡಿಸುತ್ತಾನೆ, ಅವನ ಹಿಂದೆ ನಾವು ಸರದಿಯಲ್ಲಿ ಓಡಿಸುತ್ತಾ ಹೋಗಬೇಕು. ಹೋಗುವ ಜಾಗ ಜಗತ್ತಿನಲ್ಲೇ ಅತಿ ದೊಡ್ಡ ಮರಳಿನ ದ್ವೀಪ, ಸುಮಾರು 120 ಕಿಲೋಮೀಟರ್ ಉದ್ದ. ಬಹುಕಾಲ ಫ್ರೇಸರ್ ಐಲ್ಯಾಂಡ್ ಎಂದು ಕರೆಸಿಕೊಂಡ ಆ ದ್ವೀಪಕ್ಕೆ 2023ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಬುಚುಲ್ಲಾ ಜನರು ಕರೆಯುತ್ತಿದ್ದ ಹೆಸರೇ ಅಧಿಕೃತವಾಗಿ ಮರಳಿ ಬಂತು. ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೊಂದು 'ಕೆ' ಇರುತ್ತದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ಕಿವಿಗೆ ಕೇಳಿಸುವುದು ಹೆಚ್ಚುಕಡಿಮೆ ನಮ್ಮ 'ಗರಿ'. ಅವರ ಭಾಷೆಯಲ್ಲಿ ಸ್ವರ್ಗ ಎಂದರ್ಥ. ಆ ಹೆಸರು ನನಗೆ ತುಂಬ ಇಷ್ಟವಾಯಿತು.

ಈಗ ಉತ್ತರಕ್ಕೆ ಬರುತ್ತೇನೆ. ಆ ಮೂರು ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ಆಳವಾಗಿ ಕುಳಿತದ್ದು ಗಾಡಿ ಓಡಿಸಿದ ಗಳಿಗೆಯಲ್ಲ, ಓಡಿಸುವ ಮೊದಲಿನ ಸುಮಾರು ಎರಡು ಗಂಟೆ. ಮುಂದಾಳು ಕೀಲಿ ಕೊಡಲಿಲ್ಲ. ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಕೈಗೊಂದು ಕಾಗದ ಕೊಟ್ಟ. ಅದು ಭರತ ಇಳಿತದ ಪಟ್ಟಿ. ದಿನಕ್ಕೆ ಎರಡು ಭರತ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಭರತಕ್ಕೆ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ ಗಾಡಿ ತೀರದಲ್ಲಿ ಇರಬಾರದು. ನಮ್ಮ ಊಟ, ನಿದ್ದೆ, ಸ್ನಾನ ಎಲ್ಲವೂ ಆ ಪಟ್ಟಿಯ ಪ್ರಕಾರ ಎಂದ. ಜರ್ಮನಿಯ ಇಬ್ಬರು, ಫ್ರಾನ್ಸಿನ ಒಬ್ಬ, ಇಂಗ್ಲೆಂಡಿನ ಮೂವರು ಹುಡುಗಿಯರು, ಡಚ್ ಹುಡುಗ ಒಬ್ಬ, ಎಲ್ಲರೂ ಪರೀಕ್ಷೆಗೆ ಓದುವವರ ಹಾಗೆ ಅದನ್ನು ನೋಡುತ್ತಿದ್ದರು. ನನಗೆ ಗಂಟಲು ಕಟ್ಟಿಬಂತು. ಇದೇ ಪಟ್ಟಿ ನನ್ನ ಮಾವನ ತಲೆಯೊಳಗೆ ನಲವತ್ತು ವರ್ಷದಿಂದ ಇದೆ. ಅವರು ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಆಕಾಶದಲ್ಲಿ ಚಂದ್ರ ಎಷ್ಟು ಬೆಳೆದಿದ್ದಾನೆ ಎಂದು ನೋಡಿ ನಾಳೆ ನೀರು ಎಷ್ಟು ಹೊತ್ತಿಗೆ ಏರುತ್ತದೆ ಎಂದು ಹೇಳುತ್ತಾರೆ. ಅಮಾವಾಸ್ಯೆ ಹುಣ್ಣಿಮೆಯ ನೀರಿನ ಬಿರುಸು, ಅಷ್ಟಮಿಯ ನೀರಿನ ಮಂದಗತಿ ಅವರ ಮಾತಿನಲ್ಲಿ ದಿನವೂ ಬರುತ್ತದೆ. ಮೀನು ಹಿಡಿಯುವ ಮನೆಯಲ್ಲಿ ಹುಟ್ಟಿದ ನಾನು ಅದನ್ನು ಅವರಿಂದ ಒಮ್ಮೆಯೂ ಕೇಳಿ ಕಲಿಯದೆ, ಅಷ್ಟು ದೂರ ಹೋಗಿ ಕಾಗದದಲ್ಲಿ ಓದಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆಮೇಲೆ ಚಕ್ರದ ಗಾಳಿ. ಟಾರು ರಸ್ತೆಯಲ್ಲಿ 35 ಪಿಎಸ್‌ಐ ಒತ್ತಡದ ಆಸುಪಾಸು ಇರುವ ಗಾಳಿಯನ್ನು ಮರಳಿಗೆ 18ಕ್ಕೆ ಇಳಿಸಿದರು. ಚಕ್ರ ಚಪ್ಪಟೆಯಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ, ಗಾಡಿಯ ಭಾರ ಹೆಚ್ಚು ಜಾಗದ ಮೇಲೆ ಹಂಚಿಹೋಗುತ್ತದೆ, ಹಾಗಾಗಿ ಮರಳು ಒಡೆಯುವುದಿಲ್ಲ. ಪಡುಕೆರೆಯಲ್ಲಿ ಹೂತ ಕಾರಿನ ಚಕ್ರಗಳು ಪೆಟ್ರೋಲ್ ಬಂಕಿನಲ್ಲಿ ತುಂಬಿಸಿದ ಗಾಳಿಯಲ್ಲೇ ಕಲ್ಲಿನಂತೆ ಗಟ್ಟಿಯಾಗಿದ್ದವು. ಗಾಳಿ ಇಳಿಸಿದ ಗಾಡಿಯನ್ನು ಜೋರಾಗಿ ತಿರುಗಿಸಬಾರದು, ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು, ಗಾಡಿ ಉರುಳಲೂಬಹುದು. ಇದನ್ನೂ ಹೇಳಿಕೊಟ್ಟ ಮೇಲೆಯೇ ಕೀಲಿ ಕೈಗೆ ಬಂದದ್ದು.

ಮೊದಲ ಸರದಿ ನನಗೇ ಸಿಕ್ಕಿತು. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲಿ ಓಡಿಸುವುದು, ಸ್ಟೀರಿಂಗ್ ಬಲಕ್ಕೆ. ಯುರೋಪಿನ ಹುಡುಗರು ಗೇರು ಎಡಗೈಯಲ್ಲಿ ಹಾಕಬೇಕಲ್ಲ ಎಂದು ಹಿಂಜರಿದರು. ನಾನು ಮಾವನ ಮೀನಿನ ಟೆಂಪೊದಲ್ಲಿ ಡ್ರೈವಿಂಗ್ ಕಲಿತವಳು, ಮುಂದೆ ಬಂದೆ. ಇನ್‌ಸ್ಕಿಪ್ ಎಂಬಲ್ಲಿ ಬಾರ್ಜ್ ಹತ್ತಿ ಆಚೆ ದಡಕ್ಕೆ ಇಳಿದಾಗ ಎದುರಿಗೆ ಬಿದ್ದುಕೊಂಡಿದ್ದ ಆ ತೀರವನ್ನು ಹೇಗೆ ವಿವರಿಸಲಿ! ಎಡಕ್ಕೆ ದಿಬ್ಬ, ಬಲಕ್ಕೆ ಶಾಂತಸಾಗರ, ನಡುವೆ ಒದ್ದೆ ಮರಳಿನ ಹಾದಿ ಕಣ್ಣು ಹಾಯುವಷ್ಟು ದೂರ. 75 ಮೈಲಿ ಬೀಚ್ ಎಂದು ಅದರ ಹೆಸರು. ಕಾನೂನಿನ ಪ್ರಕಾರ ಅದು ಹೆದ್ದಾರಿ. ಗಂಟೆಗೆ 80 ಕಿಲೋಮೀಟರ್ ಮಿತಿ, ಸೀಟ್ ಬೆಲ್ಟ್, ಪೊಲೀಸ್ ತಪಾಸಣೆ ಎಲ್ಲವೂ ಇದೆ. ಸಣ್ಣ ವಿಮಾನಗಳೂ ಅಲ್ಲೇ ಇಳಿಯುತ್ತವೆ, ಅವುಗಳಿಗೆ ದಾರಿ ಬಿಡಬೇಕು. ಮಳೆನೀರಿನ ತೊರೆಗಳು ಮರಳನ್ನು ಕೊರೆದು ಅಲ್ಲಲ್ಲಿ ಮೊಣಕಾಲೆತ್ತರದ ಮೆಟ್ಟಿಲು ಮಾಡಿರುತ್ತವೆ. ದೂರದಿಂದ ಅದು ಕಾಣುವುದೇ ಇಲ್ಲ. ಹತ್ತಿರ ಬಂದಾಗ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಸೀದಾ ಅದರೊಳಗೆ. ಹಾಗಾಗಿ ಪಕ್ಕದಲ್ಲಿ ಕೂತವನಿಗೂ ಕೆಲಸ ಇರುತ್ತದೆ, ಅವನ ಕಣ್ಣು ಸದಾ ಮರಳಿನ ಮೇಲೆ.

ಎರಡನೆಯ ದಿನ ದ್ವೀಪದ ಒಳಗಿನ ಕಾಡುದಾರಿಯಲ್ಲಿ ನಮ್ಮ ಜೀಪು ಹೂತಿತು. ಅಲ್ಲಿ ಮರಳು ಒಣ ರವೆಯಂತೆ ಇರುತ್ತದೆ. ಓಡಿಸುತ್ತಿದ್ದ ಫ್ರೆಂಚ್ ಹುಡುಗ ತಕ್ಷಣ ಕಾಲು ತೆಗೆದ, ಎಂಜಿನ್ ಆರಿಸಿದ. ಎಂಟೂ ಮಂದಿ ಇಳಿದೆವು. ಒಬ್ಬಳು ಸಲಿಕೆಯಿಂದ ಚಕ್ರದ ಮುಂದಿನ ಮರಳು ತೆಗೆದಳು, ನಾನು ಮತ್ತು ಇನ್ನೊಬ್ಬಳು ಮಂಡಿಯೂರಿ ಕೈಯಿಂದಲೇ ತೋಡಿದೆವು, ಉಗುರಿನ ಸಂದಿಯೆಲ್ಲ ಬಿಳಿ ಮರಳು. ಗಾಳಿ ಇನ್ನೂ ಸ್ವಲ್ಪ ಇಳಿಸಿ, ಹಲಗೆಗಳನ್ನು ಚಕ್ರದಡಿ ಸರಿಸಿ, ಎಲ್ಲರೂ ಹಿಂದಿನಿಂದ ಒಟ್ಟಿಗೆ ದೂಡಬೇಕು. ಒಬ್ಬೊಬ್ಬರ ತಾಳ ಒಂದೊಂದು ಕಡೆ, ಗಾಡಿ ಅಲುಗಲಿಲ್ಲ. ಆಗ ನನಗೆ ಗೊತ್ತಿಲ್ಲದೆಯೇ ಬಾಯಿಂದ ಬಂದದ್ದು "ಐಸಾ!" ಕೈರಂಪಣಿ ಎಳೆಯುವಾಗ ದಡದಲ್ಲಿ ಕೂಗುವ ಕೂಗು. ಎರಡನೆಯ ಸಲಕ್ಕೆ ಏಳು ಬಾಯಿಗಳು ಸೇರಿಕೊಂಡವು, ನಾಲ್ಕನೆಯ ಸಲಕ್ಕೆ ಜೀಪು ಮೇಲೆ ಬಂತು.

ರಾತ್ರಿಯ ಡೇರೆಗಳಿಗೆ ಬೇಲಿ ಇತ್ತು, ಕಾಡುನಾಯಿಗಳಿಗಾಗಿ. ಡಿಂಗೋ ಎನ್ನುತ್ತಾರೆ. ನೋಡಲು ನಮ್ಮ ಬೀದಿಯ ಕಂದು ನಾಯಿಯ ಹಾಗೆಯೇ ಇರುವ ಪ್ರಾಣಿ. 2001ರಲ್ಲಿ ಅಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಅವುಗಳ ದಾಳಿಗೆ ಸತ್ತ. ತಿಂಡಿ ಹಾಕಿ ಹಾಕಿ ಮನುಷ್ಯರೇ ಅವುಗಳ ಭಯ ಕಳೆದಿದ್ದರು ಎಂದು ಮುಂದಾಳು ಹೇಳಿದ. ಆದ್ದರಿಂದ ಒಂದು ಬ್ರೆಡ್ ಚೂರನ್ನೂ ಹೊರಗೆ ಬಿಡುವ ಹಾಗಿಲ್ಲ, ಆಹಾರವೆಲ್ಲ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಕಸವನ್ನು ನಾವೇ ಹೊತ್ತು ತರಬೇಕು. ಅಡುಗೆ ಸರದಿಯಲ್ಲಿ. ನನ್ನ ದಿನ ಡಬ್ಬಿಯ ಕಡಲೆಗೆ ಡಬ್ಬಿಯ ತೆಂಗಿನ ಹಾಲು ಹಾಕಿ, ವಿಮಾನ ನಿಲ್ದಾಣದಲ್ಲಿ ತೋರಿಸಿ ಒಪ್ಪಿಗೆ ಪಡೆದು ತಂದಿದ್ದ ಮಸಾಲೆ ಪ್ಯಾಕೆಟ್ ಒಡೆದು ಗಸಿ ಮಾಡಿದೆ. ಅನ್ನ ಸ್ವಲ್ಪ ಹೆಚ್ಚೇ ಬೆಂದಿತ್ತು. ಪಕ್ಕದ ಜೀಪಿನವರೂ ತಟ್ಟೆ ಹಿಡಿದು ಬಂದರು. ಬುಚುಲ್ಲಾ ಜನರಿಗೆ ಮೂರು ಕಟ್ಟಳೆಗಳಿವೆ ಎಂದು ಅಂದು ರಾತ್ರಿ ಕೇಳಿದೆ: ನೆಲಕ್ಕೆ ಯಾವುದು ಒಳ್ಳೆಯದೋ ಅದು ಮೊದಲು, ನಿನ್ನದಲ್ಲದ್ದನ್ನು ಮುಟ್ಟಬೇಡ, ಹೆಚ್ಚು ಇದ್ದರೆ ಹಂಚಿಕೋ. ಕೇಳುತ್ತಿದ್ದ ಹಾಗೆ ನಮ್ಮ ಊರಿನ ನೇಮದಲ್ಲಿ ದೈವ ಕೊಡುವ ನುಡಿ ನೆನಪಾಯಿತು.

ಸರೋವರಗಳ ಬಗ್ಗೆ, ಬಂಡೆಯ ಮೇಲಿಂದ ಕಂಡ ತಿಮಿಂಗಿಲಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಮಹೇನೊ ಹಡಗಿನ ಬಗ್ಗೆ ಮಾತ್ರ ಹೇಳಲೇಬೇಕು. 1905ರಲ್ಲಿ ಕಟ್ಟಿದ ಪ್ರಯಾಣಿಕರ ಹಡಗು, ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯಾಗಿತ್ತು. 1935ರಲ್ಲಿ ಗುಜರಿಗೆಂದು ಜಪಾನಿಗೆ ಎಳೆದೊಯ್ಯುತ್ತಿದ್ದಾಗ ಚಂಡಮಾರುತಕ್ಕೆ ಸಿಕ್ಕು ಈ ತೀರಕ್ಕೆ ಬಂದು ಬಿತ್ತು. ಈಗ ತುಕ್ಕು ಹಿಡಿದ ಪಕ್ಕೆಲುಬುಗಳು ಮಾತ್ರ ಮರಳಿನ ಮೇಲೆ. ಅದರ ಎದುರು ನಿಂತಾಗ 2022ರ ಮಳೆಗಾಲದಲ್ಲಿ ಉಳ್ಳಾಲದ ಬಳಿ ಮುಳುಗಿದ ಪ್ರಿನ್ಸೆಸ್ ಮಿರಾಲ್ ಎಂಬ ಸರಕು ಹಡಗು ಕಣ್ಣ ಮುಂದೆ ಬಂತು. ಅಷ್ಟು ದೊಡ್ಡ ಕಬ್ಬಿಣಕ್ಕೇ ಕಡಲು ಹೀಗೆ ಮಾಡುತ್ತದೆ.

ಅಕ್ಕನ ಮಗನೇ, ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಅಲ್ಲಿ ಓಡಿಸಿದ್ದರಿಂದ ಹಾನಿಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಚಕ್ರದಡಿ ಸಾಯುವ ಏಡಿಗಳು ಅಲ್ಲೂ ಇವೆ. ಆದರೆ ಆ ದ್ವೀಪದಲ್ಲಿ ತೀರವೇ ರಸ್ತೆ, ಅನುಮತಿ ಪತ್ರ ಪಡೆದು, ನೀರಿನ ಹೊತ್ತು ತಿಳಿದು, ಗುರುತಿಸಿದ ಜಾಗದಲ್ಲಿ ಮಾತ್ರ ಓಡಿಸಬೇಕು. ನಮ್ಮ ಪಡುಕೆರೆಯನ್ನು ನೋಡು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಒಂದು ಪಟ್ಟಿ ನೆಲ. ಕಡಲ್ಕೊರೆತಕ್ಕೆ ಪ್ರತಿ ಮಳೆಗಾಲ ಇನ್ನಷ್ಟು ಕಿರಿದಾಗುತ್ತಿದೆ. ದಿಬ್ಬದ ಮೇಲೆ ಹಬ್ಬಿದ ನೇರಳೆ ಹೂವಿನ ಬಳ್ಳಿಯೇ ಆ ಮರಳನ್ನು ಹಿಡಿದಿಟ್ಟಿರುವುದು, ನಿಮ್ಮ ಕಾರು ತಿರುಗಿದ್ದು ಅದರ ಮೇಲೆ. ಅದೇ ತೀರದಲ್ಲಿ ನಾಡದೋಣಿ ಎಳೆದಿಡುತ್ತಾರೆ, ಬಲೆ ಹರಡುತ್ತಾರೆ, ಹೆಂಗಸರು ಮೀನು ಒಣಗಿಸುತ್ತಾರೆ. ಅದು ನಿನ್ನ ಅಜ್ಜಿಯ ಅಂಗಳ. ಅಂಗಳದಲ್ಲಿ ಯಾರಾದರೂ ಕಾರು ಸುತ್ತಿಸುತ್ತಾರೆಯೇ?

ಇನ್ನೊಂದು ಮಾತು. 2024ರ ಆರಂಭದಲ್ಲಿ ಸಸಿಹಿತ್ಲು, ತಣ್ಣೀರುಬಾವಿ ಕಡೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಟ್ಟಾಗ ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾದರು. ಕುಂದಾಪುರದ ಕೋಡಿಯಲ್ಲೂ ಅವು ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ, ಒಡೆಯಲು ಏಳೆಂಟು ವಾರ. ಹೊರಬಂದ ಮರಿ ಅಂಗೈಗಿಂತ ಚಿಕ್ಕದು. ಕಾರಿನ ಚಕ್ರ ಮಾಡಿದ ಹಳ್ಳಕ್ಕೆ ಅದು ಬಿದ್ದರೆ ಹತ್ತಿ ಬರಲಾರದು, ಹಳ್ಳದುದ್ದಕ್ಕೂ ತೆವಳುತ್ತಾ ಬೆಳಗಾಗುತ್ತದೆ, ಕಾಗೆಗಳು ಬರುತ್ತವೆ. ಗೂಡಿನ ಮೇಲೆ ಗಾಡಿ ಹೋದರೆ ಮರಿಯೇ ಹೊರಬರುವುದಿಲ್ಲ.

ಹಾಗೆಂದು ಹುಡುಗರು ಮನೆಯಲ್ಲೇ ಕೂರಬೇಕು ಎಂದು ನಾನು ಹೇಳುತ್ತಿಲ್ಲ. ನನಗೆ ಬೇಕಾದದ್ದು ಆ ಪ್ರವಾಸದ ಉಳಿದೆಲ್ಲವೂ: ಪರಿಚಯವಿಲ್ಲದವರ ಜತೆ ಡೇರೆ ಕಟ್ಟುವುದು, ಸರದಿಯಲ್ಲಿ ಅಡುಗೆ ಮಾಡುವುದು, ಕಸ ಹೊತ್ತು ತರುವುದು, ನೀರಿನ ಹೊತ್ತನ್ನು ಓದುವುದು. ಪಂಚಾಯಿತಿಯವರು ತೀರದ ಹಿಂಬದಿಯ ತೋಟಗಳಲ್ಲಿ ಡೇರೆಗೆ ಜಾಗ ಗುರುತಿಸಲಿ, ನಮ್ಮ ಹಿರಿಯ ಮೀನುಗಾರರಿಗೇ ಹಣ ಕೊಟ್ಟು ಮುಂದಾಳುಗಳಾಗಿ ಕರೆಯಲಿ. ಭರತ ಇಳಿತ ಕಲಿಸಲು ಅವರಿಗಿಂತ ಬೇರೆ ಮೇಷ್ಟ್ರು ಯಾರಿದ್ದಾರೆ? ಕೈರಂಪಣಿ ಎಳೆಯಲು ಹೊರಗಿನಿಂದ ಬಂದವರೂ ಕೈ ಜೋಡಿಸಲಿ, ಸಿಕ್ಕಿದ ಮೀನಿನಲ್ಲಿ ಪಾಲು ಪಡೆಯಲಿ. ಗಾಡಿ ರಸ್ತೆಯಲ್ಲೇ ನಿಲ್ಲಲಿ.

ಮಾವನ ಹತ್ತಿರ ಮಾತಾಡಿದ್ದೇನೆ. ಈ ಭಾನುವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ಅವರು ಪಡುಕೆರೆ ಸೇತುವೆಯ ಹತ್ತಿರ ಬರುತ್ತಾರೆ. ಹೊತ್ತು ಎಷ್ಟು ಎಂದು ನಾನು ಬರೆಯುವುದಿಲ್ಲ, ಆಕಾಶ ನೋಡಿ ನೀನೇ ಲೆಕ್ಕ ಹಾಕಿ ಶನಿವಾರ ರಾತ್ರಿ ಅವರಿಗೆ ಫೋನ್ ಮಾಡು. ಕಾರಿನಲ್ಲಿದ್ದ ಗೆಳೆಯರನ್ನೂ ಕರೆದುಕೊಂಡು ಬಾ. ಚಪ್ಪಲಿ ಬೇಡ.