ಎಲ್ಲಾನೂ ಪಳೆಯುಳಿಕೆ ಅಲ್ಲ ಸಾರ್

ಲೇಖನ ಚೆನ್ನಾಗಿದೆ, ಆದ್ರೆ ವೀರಗಲ್ಲು, ಮಡಕೆ ಚೂರು, ಡೈನೋಸಾರ್ ಮೂಳೆ ಎಲ್ಲಾನೂ ಒಟ್ಟಿಗೆ ಸೇರಿಸಿ ಪಳೆಯುಳಿಕೆ ಅಂತ ಕರ್ದಿದೀರಲ್ಲ, ಅದ್ಯಾಕೋ ಸರಿ ಅನ್ನಿಸ್ಲಿಲ್ಲ. ಮೂಳೆ ತಾನಾಗೇ ಉಳ್ಕೊಂಡಿದ್ದು. ಮಡಕೆ ಚೂರು ಯಾರೋ ಒಡೆದೋಯ್ತು ಅಂತ ಎಸೆದಿದ್ದು, ಅವರಿಗೆ ಅದು ಕಸ ಅಷ್ಟೇ, ಆದ್ರೆ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಅಗೆದ ಬ್ರಿಟಿಷ್ ಪುರಾತತ್ವ ತಜ್ಞ ವೀಲರ್‌ಗೆ ಅಂಥಾ ಚೂರುಗಳೇ ಕಾಲ ಲೆಕ್ಕ ಹಾಕೋಕೆ ಆಧಾರ ಆದ್ವು. ವೀರಗಲ್ಲು ಹಾಗಲ್ಲ, ಮುಂದಿನವರು ನೋಡ್ಲಿ ಅಂತಾನೇ ನಿಲ್ಸಿದ್ದು.

ಮದ್ದೂರು ತಾಲೂಕಿನ ಆತಕೂರು ಕಲ್ಲು ನೋಡಿ, ಹತ್ತನೇ ಶತಮಾನದ್ದು, ಈಗ ಬೆಂಗಳೂರು ಕಸ್ತೂರಬಾ ರಸ್ತೆ ಮ್ಯೂಸಿಯಂನಲ್ಲಿದೆ. ಕಾಳಿ ಅನ್ನೋ ಬೇಟೆನಾಯಿ ದೊಡ್ಡ ಹಂದಿ ಜೊತೆ ಕಾದಾಡಿ ಎರಡೂ ಸತ್ತಿದ್ದಕ್ಕೆ ಹಾಕ್ಸಿದ್ದು, ನಾಯಿ ಹಂದಿ ಎದುರುಬದುರು ಕೆತ್ತಿದಾರೆ, ಸುತ್ತ ಹಳಗನ್ನಡ ಬರಹ, ಅದ್ರಲ್ಲೇ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದ ಸುದ್ದೀನೂ ಇದೆ. ಕಲ್ಲಿಗೆ ಪೂಜೆ ಮಾಡದೆ ಗೊರವ (ಶಿವನ ಗುಡಿ ಪೂಜಾರಿ) ಉಂಡ್ರೆ ಪಾಪ ಅಂತ ಬೇರೆ ಬರ್ಸಿದಾರೆ ಪುಣ್ಯಾತ್ಮರು! ಈಗ ಗೊರವನೂ ಇಲ್ಲ ಪೂಜೆನೂ ಇಲ್ಲ, ಟಿಕೆಟ್ ತಗೊಂಡು ಒಳಗ್ ಹೋಗ್ಬೇಕು. ಕಲ್ಲು ಸೇಫ್ ಆಗಿದೆ ಒಪ್ತೀನಿ, ಆದ್ರೆ ಆತಕೂರಿನ ಚಲ್ಲೇಶ್ವರ ಗುಡಿ ಮುಂದೆ ನಿಂತಿದ್ದಾಗ ಅದಕ್ಕಿದ್ದ ಅರ್ಥ ಅರ್ಧ ಅಲ್ಲೇ ಉಳೀತು. ನಮ್ಮ ಕಡೆ ಊರೂರಲ್ಲಿ ವೀರಗಲ್ಲಿಗೆ ಇವತ್ತೂ ಕುಂಕುಮ ಹಚ್ಚಿ ಎಣ್ಣೆ ಸುರೀತಾರೆ, ಅಕ್ಷರ ಮಸುಕಾಗುತ್ತೆ ಅಂತ ಸಂಶೋಧಕರು ಬೈತಾರೆ, ಅವರ ಮಾತೂ ನಿಜಾನೇ. ಆದ್ರೂ ಪೂಜೆ ನಡೀತಿರೋ ಕಲ್ಲನ್ನ ಅವಶೇಷ ಅಂತ ಬರೆಯೋಕೆ ನನಗಂತೂ ಮನಸ್ಸು ಬರಲ್ಲ.